ಮುರಗೆಪ್ಪ ಕುಂಡ್ರಲಿಲ್ಲ

“ಇನ್ನಷ್ಟು ಒತ್ತಲೇ ಮಾಳಸಿದ್ದ! ಮೈ ಬೆಚ್ಚಗಿದ್ದಾಗ ಮಡಚಲಿಲ್ಲಂದ್ರ ಆಮ್ಯಾಲ ಮಡಚೂದ ಇಲ್ಲ” ಎಂದು ಬಾಗಿಲಲ್ಲಿ ನಿಂತ ರಾವಸಾಹೇಬ ಹುಕುಂ ಮಾಡಿದ.

ನೆರೆಮನೆಯ ಮಾಳಸಿದ್ದ ಸತ್ತವನ ತೊಡೆಗಳ ಮೇಲೆ ಭಾರ ಹಾಕಿ ಒತ್ತಿ ಹಿಡಿದಿದ್ದ. ಇನ್ನಿಬ್ಬರು ಹೆಗಲಡಿ ಕೈಕೊಟ್ಟು ಎತ್ತಿದರು. ಮುರಗೆಪ್ಪ ಸೊಂಟದಲ್ಲಿ ಬಾಗಿ ಎದ್ದು ಕೂರಬೇಕಾಗಿತ್ತು. ಬಾಗಲಿಲ್ಲ. ತಲೆಯ ಜೊತೆಗೆ ಇಡೀ ಮೈ ಒಂದೇ ತುಂಡಾಗಿ ಮೇಲೆದ್ದಿತು, ಒತ್ತಿ ಹಿಡಿದಿದ್ದ ಮಾಳಸಿದ್ದನೇ ಜಾರಿ ಗೋಡೆಗೆ ಬಿದ್ದ.

“ಯಪ್ಪಾ! ಇದೇನ ಮನಿಶಾನೋ, ಮನೀ ತೊಲಿನೋ!” ಎಂದು ಮೊಣಕೈ ತಿಕ್ಕಿಕೊಂಡ.

ಅಲಖನೂರಿನ ಲಿಂಗಾಯತರ ಮನೆಯಲ್ಲಿ ಸತ್ತವರು ಮಲಗುವಂತಿಲ್ಲ. ಜೀವ ಹೋದದ್ದೇ ತಡ, ಮೈ ಬಿಗಿಯುವ ಮೊದಲೇ ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಆನಿಸಿ ಕೂರಿಸಬೇಕು. ಕೂತೇ ಭಜನೆ ಕೇಳಬೇಕು, ಕೂತೇ ಹೊತ್ತೊಯ್ಯುವ ಬಿದಿರಿನ ವಿಮಾನ ಹತ್ತಬೇಕು, ಕೂತೇ ಮಣ್ಣಿಗಿಳಿಯಬೇಕು. ದೊಡ್ಡ ಗೌಡರಿಂದ ಹಿಡಿದು ಗತಿಗೆಟ್ಟವರ ತನಕ ಎಲ್ಲರೂ ಹಾಗೇ ಹೋಗಿದ್ದಾರೆ, ಯಾರೂ ಒಲ್ಲೆ ಎಂದಿರಲಿಲ್ಲ. ಮುರಗೆಪ್ಪ ಮಾತ್ರ ಒಲ್ಲೆ ಎನ್ನುತ್ತಿದ್ದ.

ರಾವಸಾಹೇಬ ಒಳಗೆ ಬಂದು ಹೆಣದ ಹಣೆ ಮುಟ್ಟಿ ನೋಡಿದ. ದ್ರಾಕ್ಷಿ ತೋಟದವನು, ಪಂಚಾಯ್ತಿ ಮೆಂಬರು. ಊರಿನ ಯಾವ ಸಾವಿಗೂ ಮೊದಲು ಬರುವವನು, ಎಲ್ಲರಿಗಿಂತ ಹೆಚ್ಚು ಮಾತಾಡುವವನು.

“ಮೈ ಬೆಚ್ಚಗ, ಸೊಂಟ ಕಟಗಿ. ಜೀವ ಹೋಗಿ ಒಂದ ತಾಸೂ ಆಗಿಲ್ಲ. ಇದು ಸಾದಾ ಸಾವಲ್ಲ ಬಿಡ್ರಿ. ನಮ್ಮ ತ್ವಾಟದಾಗ ಒಬ್ಬಾಂವ ಬೆಳಿಗೆ ಹೊಡಿಯೂ ಔಷಧ ಕುಡದಾಗ ಹಿಂಗ ಸೆಟಗೊಂಡ ಬಿದ್ದಿದ್ದ.”

ಅಷ್ಟೇ ಸಾಕಾಯಿತು. ಮೂಲೆಯಲ್ಲಿ ಕೂತು ಅಳುತ್ತಿದ್ದ ಸತ್ತವನ ಹೆಂಡತಿ ದುಂಡವ್ವನ ಕಡೆಗೆ ಎಲ್ಲರ ಕಣ್ಣೂ ತಿರುಗಿದವು. ಆಮೇಲೆ ಅವೇ ಕಣ್ಣುಗಳು ಮೇಲೆ ಹೋದವು. ಮುರಗೆಪ್ಪನ ಹಲಗೆಯ ಮಂಚದ ನೇರಕ್ಕೆ ತೊಲೆಯಿಂದ ಒಂದು ದಪ್ಪ ಹಗ್ಗ ಇಳಿಬಿದ್ದಿತ್ತು.

“ಹಗ್ಗ ನೋಡ್ಯೇನು?” ಎಂದು ಒಬ್ಬಳು ಸೆರಗಿನೊಳಗೇ ಪಿಸುಗುಟ್ಟಿದಳು.

“ಕುತಗಿ ಮ್ಯಾಲ ಕಲೆ ಏನೂ ಇಲ್ಲಬೇ, ನಾ ನೋಡೀನಿ” ಎಂದಳು ಇನ್ನೊಬ್ಬಳು. ನೋಡಿಯೇ ಬಿಟ್ಟಿದ್ದಳು ಪುಣ್ಯಾತ್ಗಿತ್ತಿ.

ಅಷ್ಟರಲ್ಲಿ ಸತ್ತವನ ಅತ್ತಿಗೆ ಕಸ್ತೂರೆವ್ವ ಗೋಡೆಯ ಮಾಡಿನಲ್ಲಿದ್ದ ಒಂದು ಕರಿಯ ಬಾಟ್ಲಿ ಹಿಡಿದುಕೊಂಡು ಬಂದಳು. ಬಾಟ್ಲಿ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೇ ಮೂಗು ಹಿಡಿದು ಮೂಸಿದರು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಕರ್ಪೂರ.

“ಸೊಂಟಕ್ಕ ತಿಕ್ಕೂ ಎಣ್ಣಿರಿ ಅದು” ಎಂದಳು ದುಂಡವ್ವ.

“ಎಣ್ಣಿ ವಾಸನಿ ಅಂತೂ ಐತಿ. ಅದರಾಗ ಮತ್ತೇನ ಕೂಡೈತೋ ಯಾರಿಗ್ಗೊತ್ತು” ಎಂದ ರಾವಸಾಹೇಬ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಸತ್ತವನ ಅಣ್ಣನತ್ತ ತಿರುಗಿ, “ಕಾಡಸಿದ್ದಣ್ಣ, ಮನಿಗೆ ಹಿರ್ಯಾಂವ ನೀನು. ಮೊನ್ನಿ ಯಡೂರಿಗೆ ಹೋಗಿ ಕವಿತಾ ಓದಿ ಬಂದ ಮನಿಶ್ಯಾ ಇವತ್ತ ಹೆಂಗ ಸತ್ತ? ನೀ ಹೂಂ ಅಂದ್ರ ರಾಯಬಾಗಕ್ಕ ಮೋಟರ್ ಸೈಕಲ್ ಕಳಸ್ತೀನಿ. ಪೋಲೀಸ್ ಫೌಜದಾರ ಬರ್ಲಿ, ಕೊಯ್ಸಿ ನೋಡ್ಲಿ. ನಾಳೆ ಊರಿಗೆ ಕೆಟ್ಟ ಹೆಸರ ಬ್ಯಾಡ” ಎಂದ.

ದುಂಡವ್ವ ಎದ್ದು ಬಂದು ಮೈತುಂಬ ಸೆರಗು ಹೊದ್ದು, ಗಂಡನ ಅಣ್ಣನ ಮುಂದೆ ನಿಂತಳು. “ಭಾವಾರ, ಬ್ಯಾಡ್ರಿ. ಕೊಯ್ಸಬ್ಯಾಡ್ರಿ, ಮುರೀಬ್ಯಾಡ್ರಿ. ಅವರು ಬದುಕಿದ್ದಾಗೂ ಹಿಂಗ ಇದ್ರು. ನಿಮಗ ಗೊತ್ತೈತಿ.”

ಕಾಡಸಿದ್ದನಿಗೆ ಗೊತ್ತಿರಲಿಲ್ಲ. ಅಥವಾ ಅವನಿಗೆ ಗೊತ್ತಿದ್ದದ್ದೇ ಬೇರೆ. ತಮ್ಮನ ಹೆಂಡತಿ ವಿಷ ಹಾಕಿದಳೆಂದು ಅವನಿಗೆ ಅನಿಸಲಿಲ್ಲ, ಆದರೆ ಇಲ್ಲವೆನ್ನಲು ಬಾಯಿಯೂ ಬರಲಿಲ್ಲ. ಹೆಣದ ಮುಖ ನೋಡುತ್ತ ನಿಂತವನ ತಲೆಯಲ್ಲಿ ನಾಚಿಕೆಗೇಡಿನ ಒಂದು ಯೋಚನೆ ಬಂತು. ಈ ಮಗ ಸತ್ತ ಮೇಲೂ ಸೋಂಗು ಮಾಡುತ್ತಿದ್ದಾನೇನು?

“ಮಠಪತಿ ಅಯ್ಯ ಬರ್ಲಿ. ನೋಡೂನು” ಎಂದಷ್ಟೇ ಹೇಳಿ ಹೊರಗೆ ನಡೆದ.

* * *

ತಮ್ಮನ ನೋವಿನ ತರ್ಕ ಕಾಡಸಿದ್ದನ ತಲೆಗೆ ಎಂದೂ ಹತ್ತಿರಲಿಲ್ಲ. ಮೀಸೆ ಕಪ್ಪಾಗುವ ಹೊತ್ತಿಗೇ ಮುರಗೆಪ್ಪ ಬೆಳಗ್ಗೆ ಹಾಸಿಗೆಯಿಂದ ಏಳುವುದನ್ನು ಬಿಟ್ಟ. ಅಣ್ಣ ಎತ್ತು ಹೂಡಿ ಎರಡು ಸುತ್ತು ಹೊಡೆದು ಬಂದರೂ ಇವನದು ಇನ್ನೂ ನರಳಾಟ. ಅದೇ ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ತಿರುಗಾಡುತ್ತಿದ್ದ. ಲೋಕದ ನೋವೆಲ್ಲ ದುಡಿದರೆ ಬರುತ್ತದೆ, ಮಲಗಿದರೆ ಹೋಗುತ್ತದೆ. ಇವನದು ಮಲಗಿದರೆ ಬರುತ್ತಿತ್ತು, ತಿರುಗಾಡಿದರೆ ಕಡಿಮೆಯಾಗುತ್ತಿತ್ತು. ಇಷ್ಟು ಅನುಕೂಲದ ನೋವನ್ನು ಕಾಡಸಿದ್ದ ಬೇರೆಲ್ಲೂ ಕಂಡಿರಲಿಲ್ಲ.

ಒಮ್ಮೆ ಮಿರಜಕ್ಕೆ ಹೋಗಿ ಬಂದ ಮುರಗೆಪ್ಪ, “ಡಾಕ್ಟರು ಬೆನ್ನಿನ ಎಲುಬು ಒಂದಕ್ಕೊಂದು ಬೆಸಕೊಳ್ಳಾಕತ್ತಾವ ಅಂದ್ರಣ್ಣಾ. ದಿನಾ ತಿರಗಾಡ್ರಿ ಅಂತ ಹೇಳ್ಯಾರ” ಎಂದು ಎಲುಬಿನ ಫೋಟೊ ಬೆಳಕಿಗೆ ಹಿಡಿದು ತೋರಿಸಿದ.

“ಫೋಟೊದಾಗ ಎಲ್ಲಾರ್ದೂ ಎಲಬ ಕಾಣತಾವ. ತಿರಗಾಡು ಅಂತ ಹೇಳೂ ಡಾಕ್ಟರ ಎಲ್ಲಿ ಸಿಕ್ಕನೋ? ನನ್ನೂ ಕರಕೊಂಡ ಹೋಗು, ನನಗೂ ಭಾಳ ಬೇಕಾಗೇತಿ” ಎಂದಿದ್ದ ಕಾಡಸಿದ್ದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕಿದ್ದರು. ಮುರಗೆಪ್ಪನೂ ನಕ್ಕು ಫೋಟೊ ಸುತ್ತಿಟ್ಟಿದ್ದ.

ಕಬ್ಬಿಗೆ ನೀರು ತಿರುವಲು ಬಗ್ಗಲಾರದವನು ಕವಿಗೋಷ್ಠಿ ಎಂದರೆ ಸಾಕು, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ಎಂದು ಬಸ್ಸು ಹತ್ತುತ್ತಿದ್ದ. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಮದುವೆಯ ಊಟಕ್ಕೆ ಪಂಕ್ತಿಯಲ್ಲಿ ಕೂರದೆ, ತಾಟು ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತು ಉಣ್ಣುತ್ತಿದ್ದ. ಹಿರಿಯರು ಬಂದರೆ ಬಗ್ಗಿ ಕಾಲು ಮುಟ್ಟುತ್ತಿರಲಿಲ್ಲ, ಕೈ ಮುಗಿಯುತ್ತಿದ್ದ. ಕವಿ ಆದಮೇಲೆ ಸೊಕ್ಕು ಬಂದಿದೆ ಎಂದು ಊರು ತೀರ್ಮಾನ ಮಾಡಿತು. ಒಮ್ಮೆ ಮಾಡಿದ ತೀರ್ಮಾನವನ್ನು ತೆಗೆಯುವ ರೂಢಿ ಅಲಖನೂರಿಗೆ ಇಲ್ಲ.

ಎಂಬತ್ತೇಳರ ರಾಜ್ಯೋತ್ಸವಕ್ಕೆ ಊರಿನ ಸಾಲೆಯಲ್ಲೇ ಕವಿಗೋಷ್ಠಿ ನಡೆಯಿತು. ವೇದಿಕೆಯ ಮೇಲೆ ಜಮಖಾನೆ ಹಾಸಿ, ಲೋಡು ಇಟ್ಟು, ಕವಿಗಳನ್ನು ಸಾಲಾಗಿ ಕೂರಿಸಿದ್ದರು. ನಡುವೆ ಹೊರಗಿನಿಂದ ಬಂದ ಅಧ್ಯಕ್ಷರು. ಮುರಗೆಪ್ಪ ಒಬ್ಬನೇ ಹಿಂದಿನ ಕಂಬಕ್ಕೆ ಆನಿಸಿಕೊಂಡು ನಿಂತಿದ್ದ. ಮಂದಿ ಗುಸುಗುಸು ಎನ್ನತೊಡಗಿದರು. ಮುಂದಿನ ಸಾಲಿನಲ್ಲಿದ್ದ ಕಾಡಸಿದ್ದನಿಗೆ ಮುಖ ಎಲ್ಲಿಡಬೇಕೋ ತಿಳಿಯದಾಯಿತು. ಸರಸರ ವೇದಿಕೆ ಹತ್ತಿ, “ಕುಂಡ್ರಲೇ, ಮರ್ಯಾದಿ ತಗೀಬ್ಯಾಡ” ಎಂದು ತಮ್ಮನ ಎರಡೂ ಹೆಗಲು ಹಿಡಿದು ಕೆಳಗೆ ಒತ್ತಿದ.

ಮುರಗೆಪ್ಪನ ಮುಖ ಬಿಳಿಚಿತು. ಆದರೂ ಮೈಕಿನ ಕಡೆ ಮುಖ ಮಾಡಿ, “ನಮ್ಮಣ್ಣಗ ನನ್ನ ಕವಿತಾ ಕೇಳೂ ಅವಸರ ಭಾಳ ಆಗೇತ್ರಿ” ಎಂದ. ಸಭೆ ನಗುವಿನಲ್ಲಿ ಮುಳುಗಿತು. ಆಮೇಲೆ ಅವನು ಓದಿದ:

*ಕಬ್ಬಿಗೆ ಕೊಟ್ಟಿ ಗಿಣ್ಣಿಗೆ ಗಿಣ್ಣು,*
*ಗಾಳಿಗೆ ಕೊಟ್ಟಿ ತಿರುಗೂ ಹಾದಿ,*
*ನನಗ ಬಡದಿ ಒಂದೇ ಗೂಟ.*
*ಬಾಗಿ ನಿನಗ ಶರಣು ಅನ್ನಲಿ ಹ್ಯಾಂಗೋ ಶಿವನ?*

ಚಪ್ಪಾಳೆಯೋ ಚಪ್ಪಾಳೆ. ದೇವರಿಗೂ ಬಾಗದ ಬಂಡಾಯದ ದನಿ ಇದು ಎಂದು ಅಧ್ಯಕ್ಷರು ಕೊಂಡಾಡಿದರು. ಶಿವನಿಗೇ ಬಾಗುವುದಿಲ್ಲವಂತೆ, ಇನ್ನು ನಮಗೆ ಬಾಗುತ್ತಾನೆಯೇ ಎಂದು ರಾವಸಾಹೇಬ ಮೀಸೆಯಡಿಯಲ್ಲಿ ನಕ್ಕ. ಬೆನ್ನಿನ ಮಾತನ್ನು ಬೆನ್ನಿನ ಮಾತೆಂದು ಕೇಳಿದವರು ಆ ಸಭೆಯಲ್ಲಿ ದುಂಡವ್ವ ಒಬ್ಬಳೇ.

* * *

ಮಧ್ಯಾಹ್ನದ ಬಸ್ಸಿಗೆ ಕಾಗವಾಡದಿಂದ ಧರಣೇಂದ್ರ ಮಾಸ್ತರ ಬಂದರು. ಅವರೂ ಕವಿ, ಮೊನ್ನೆ ಯಡೂರಿನಲ್ಲಿ ಮುರಗೆಪ್ಪನ ಜೊತೆಗೇ ಓದಿದವರು. ಹೆಗಲಲ್ಲಿ ಜೋಳಿಗೆ, ಅತ್ತು ಕೆಂಪಾದ ಕಣ್ಣು. ಬಂದವರೇ ಹೆಣದ ಪಾದಕ್ಕೆ ಹಣೆ ಇಟ್ಟರು. ಅಂಗಳದವರು ಅವರನ್ನೂ ಅನುಮಾನದಿಂದಲೇ ಅಳೆದರು.

“ಯಡೂರಾಗ ಏನರ ತಿಂದ್ರ್ಯಾ? ಏನರ ಕುಡದ್ರ್ಯಾ?” ರಾವಸಾಹೇಬ ಪಂಚನಾಮೆಗೆ ಕೂತವನಂತೆ ಕೇಳಿದ.

“ಚಾ ಸೈತ ಕುಡೀಲಿಲ್ಲರಿ ಅವರು. ಮೈ ಸುಡತಿತ್ತು. ಎದಿ ಅಗಲ ಆಗವಲ್ದು, ಉಸರ ಒಳಗ ಹೋಗವಲ್ದು ಅಂದ್ರು. ಬ್ಯಾಡ ಅಂದ್ರೂ ಕೇಳದ ನಿಂತ ಓದಿದ್ರು. ಓದಿ ಮುಗಿಸಿ ನನ್ನ ತೋಳ ಹಿಡದಾಗ ಗೊತ್ತಾತ್ರಿ, ಮೈಯಾಗ ಬಾಗೂ ಜಾಗಾನ ಇಲ್ಲ ಅಂತ. ಅಲ್ಲೀತನಕ ನಾವೂ ಸ್ಟೈಲ್ ಅಂತ ತಿಳದಿದ್ವಿ. ವಾಪಸ್ ಬರೂ ಮುಂದ ಮಳ್ಯಾಗ ತೋಯ್ದ್ರು. ಕಫಾ ಕಟ್ಟೇತ್ರಿ, ಮತ್ತೇನಿಲ್ಲ.”

ಮಾಸ್ತರರು ಬಣ್ಣ ಕಟ್ಟಿ ಮಾತಾಡಿರಲಿಲ್ಲ, ಕಂಡದ್ದನ್ನೇ ಹೇಳಿದ್ದರು. ಆದರೆ ಅವರು ಅತ್ತ ಸರಿದದ್ದೇ ರಾವಸಾಹೇಬ ಕಾಡಸಿದ್ದನ ಕಿವಿಯಲ್ಲಿ, “ಕವಿಗೋಳಪಾ. ಇದ್ದದ್ದಕ್ಕ ಹತ್ತ ಕೂಡಿಸೂ ಮಂದಿ. ಇಂಥಾವ್ರ ಮಾತಿಗೆ ಸಾಕ್ಷಿ ಅಂತಾರೇನು?” ಎಂದ.

ಮಠಪತಿ ಅಯ್ಯನವರು ಬಂದು ಹೊತ್ತು ನೋಡಿದರು. ಹೊಲದಲ್ಲಿ ಕುಣಿ ತೋಡಿ ಆಗಿತ್ತು. ಸೂರ್ಯ ಮುಳುಗುವುದರೊಳಗೆ ಮಣ್ಣಾಗಬೇಕಿತ್ತು. ಅಯ್ಯನವರೂ ಒಮ್ಮೆ ಎತ್ತಿಸಿ ನೋಡಿ, ತಲೆ ಆಡಿಸಿದರು.

“ಕಾಡಸಿದ್ದ, ಎರಡ ದಾರಿ ಅದಾವ. ನಿಮಗ ಗುಮಾನಿ ಇತ್ತಂದ್ರ ಫೌಜದಾರಗ ಹೇಳ್ರಿ. ಇಲ್ಲಂದ್ರ ಬಿಸಿನೀರ ಹಾಕಿ, ಕೀಲ ಮುರದಾದ್ರೂ ಕುಂಡ್ರಸ್ರಿ. ಹಿಂದ ಹಂಗ ಮಾಡಿದ್ದೂ ಉಂಟು. ಏನ ಮಾಡೂದಿದ್ರೂ ಲಗೂನ ಹೇಳು.”

ಕೊಯ್ಯಬೇಕು, ಇಲ್ಲವೆ ಮುರಿಯಬೇಕು. ಎಲ್ಲರೂ ಕಾಡಸಿದ್ದನ ಬಾಯಿ ನೋಡಿದರು. ಅವನು ಚೌಕಟ್ಟಿಗೆ ಕೈಕೊಟ್ಟು ನಿಂತೇ ಇದ್ದ.

“ಭಾವಾರ” ಎಂದಳು ದುಂಡವ್ವ. ಈ ಸಲ ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ, ಸಿಟ್ಟಿತ್ತು. “ಯಾರ್ಯಾರೋ ಮುಟ್ಟಿ ನೋಡಿದ್ರು. ಬಾಟ್ಲಿ ಮೂಸಿದ್ರು, ಕುತಗಿ ತಿರವಿ ನೋಡಿದ್ರು. ಒಡಹುಟ್ಟಿದಾವ ನೀವು, ಮುಂಜಾನಿಂದ ದೂರ ನಿಂತೀರಿ. ಜಳಕಾ ನೀವ ಮಾಡಸ್ರಿ. ಕೈ ಹಚ್ಚಿ ನೋಡ್ರಿ. ಆಮ್ಯಾಲ ಕೊಯ್ಸ್ರಿ, ಮುರೀರಿ, ನಾ ಏನೂ ಅನ್ನೂದಿಲ್ಲ.”

* * *

ಬಚ್ಚಲಿನ ಹಾಸುಗಲ್ಲಿನ ಮೇಲೆ ತಮ್ಮನನ್ನು ಮಲಗಿಸಿ ಕಾಡಸಿದ್ದ ಬಾಗಿಲು ಮುಂದಕ್ಕೆಳೆದ. ದುಂಡವ್ವ ತಂಬಿಗೆಯಿಂದ ನೀರು ಹಾಕಿದಳು. ಕಾಡಸಿದ್ದ ಮೊದಲು ತಮ್ಮನ ಕೈ ತೊಳೆಯಲು ಹಿಡಿದ. ಬೆರಳು ಮೆತ್ತಗಿದ್ದವು, ಒಂದೊಂದೇ ಮಡಚಿದವು. ಮೊಣಕೈ ಇನ್ನೂ ಬಾಗುತ್ತಿತ್ತು. ಸೆಟೆದ ಹೆಣದ ಕೈ ಹೀಗಿರುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಅಪ್ಪ ಅವ್ವ ಇಬ್ಬರಿಗೂ ನೀರು ಹಾಕಿದವನು. ಹಾಗಾದರೆ ಸೊಂಟ ಮಾತ್ರ ಏಕೆ?

ಬೆನ್ನಿನಡಿ ಕೈ ತೂರಿಸಿದ. ಕತ್ತಿನಿಂದ ಕೆಳಗೆ ಟೊಂಕದ ತನಕ ಬೆರಳಾಡಿಸಿದ. ಬೆನ್ನಿನಲ್ಲಿ ಎಲುಬಿಗೂ ಎಲುಬಿಗೂ ನಡುವೆ ಬೆರಳು ಇಳಿಯುವ ಒಂದು ಸಂದು ಇರುತ್ತದಲ್ಲ, ಅದು ಎಲ್ಲೂ ಇರಲಿಲ್ಲ. ಮೇಲಿಂದ ಕೆಳಗಿನ ತನಕ ಒಂದೇ ಗಟ್ಟಿ ಏಣು. ತೊಡೆಯ ಕೀಲೂ ಅದಕ್ಕೇ ಬೆಸೆದುಕೊಂಡಿತ್ತು. ಇದು ಇವತ್ತು ಆದದ್ದಲ್ಲ. ಒಂದು ವರ್ಷದಲ್ಲೂ ಆಗುವಂಥದ್ದಲ್ಲ. ಕಾಡಸಿದ್ದ ಕೈ ಹೊರಗೆ ತೆಗೆಯದೆ ಹಾಗೇ ಕೂತ.

“ಅಂಗೈ ನೋಡ್ರಿ” ಎಂದಳು ದುಂಡವ್ವ.

ಕೈ ಹಿಡಿದು ತಿರುವಿ ನೋಡಿದ. ಎರಡೂ ಅಂಗೈಯ ತುಂಬ ಗಟ್ಟಿಯಾದ ದಡ್ಡುಗಳು. ಕುಡುಗೋಲು ಹಿಡಿದು ಕಬ್ಬು ಕಡಿಯುವ ತನ್ನ ಕೈಯಲ್ಲಿ ಇದ್ದಂಥವೇ. ಹೊಲದ ಕೆಲಸ ಕಾಣದ ಈ ಕೈಗೆ ಇವು ಎಲ್ಲಿಂದ ಬಂದವು?

“ಆ ಹಗ್ಗರೀ. ಮಂದಿ ಉರ್ಲ ಅಂದ್ರಲ್ಲ, ಅದ ಹಗ್ಗ. ದಿನಾ ಬೆಳಗಾದ್ರ ಅದನ್ನ ಹಿಡದ ಜಗ್ಗಿ ಜಗ್ಗಿ ಏಳ್ತಿದ್ರು. ಏಳೂದ್ರಾಗ ಮೈಯೆಲ್ಲಾ ಬೆವರ. ಒದರಿದ್ರ ನೀವೆಲ್ಲಾ ಸೋಂಗ ಅಂತೀರಂತ ಬಾಯಾಗ ದಸ್ತಿ ಅರಬಿ ತುರಕೊಂಡ ಏಳ್ತಿದ್ರು. ಮಲಗಿದ್ರ ಭಾಳ ನೋವ್ರಿ ಅವರಿಗೆ. ನಿಂತಾಗ ಒಂದೀಟ ಕಡಿಮಿ.”

“ಹಂಗಿದ್ರ ಊರೂರು ಯಾಕ ಹೋಗತಿದ್ದ?” ಹಳೆಯ ಅನುಮಾನವೇ ಇನ್ನೂ ಬಾಯಿಗೆ ಬಂತು.

“ನಾನೂ ಕೇಳಿದ್ನಿ. ಕಾಗವಾಡದಾಗ ಯಾವಕಿನ್ನ ಇಟ್ಟೀರಿ ಅಂತ ಜಗಳಾನೂ ಮಾಡಿದ್ನಿ. ನಕ್ಕೊಂತ ಹೇಳಿದ್ರು. ದುಂಡೀ, ಅಲ್ಲಿ ಎಲ್ಲಾರೂ ಎದ್ದ ನಿಂತ ಓದತಾರ. ಓದೂ ಅಷ್ಟೊತ್ತು ನಾ ಎಲ್ಲಾರಂಗ ಇರ್ತೀನಿ. ಯಾರೂ ಕುಂಡ್ರು ಅನ್ನೂದಿಲ್ಲ ಅಂದ್ರು.”

ಕಾಡಸಿದ್ದನಿಗೆ ದುಃಖ ಒತ್ತರಿಸಿ ಬಂತು. ಐವತ್ತು ದಾಟಿದ ಗಂಡಸು ತಮ್ಮನ ಒದ್ದೆ ಎದೆಯ ಮೇಲೆ ತಲೆ ಇಟ್ಟು ಹೋ ಎಂದು ಅತ್ತ. “ಮುರಗ್ಯಾ, ನನಗ ಒಂದ ಮಾತ ಹೇಳಬಾರ್ದಿತ್ತೇನೋ!”

“ಹೇಳಿದ್ರು ಭಾವಾರ” ಎಂದಳು ದುಂಡವ್ವ. ಖಾಲಿಯಾದ ತಂಬಿಗೆಯನ್ನು ಕೊಡದಲ್ಲಿ ಅದ್ದಿ ಮತ್ತೆ ನೀರು ತುಂಬಿದಳು. “ನೀವು ನಕ್ಕಿದ್ರಿ.”

* * *

ಹೊರಗೆ ಬಂದ ಕಾಡಸಿದ್ದನ ಅಂಗಿ ತೊಯ್ದು ತೊಪ್ಪೆಯಾಗಿತ್ತು. “ಫೌಜದಾರ ಬ್ಯಾಡ. ಮುರಿಯೂದೂ ಬ್ಯಾಡ” ಎಂದ. “ನನ್ನ ತಮ್ಮನ ಬೆನ್ನಿಗೆ ಬ್ಯಾನಿ ಇತ್ತು. ಅಂವಗ ಕುಂಡ್ರಾಕ ಬರ್ತಿದ್ದಿಲ್ಲ.”

ರಾವಸಾಹೇಬನಿಗೆ ಇಷ್ಟು ಸುಲಭಕ್ಕೆ ಬಿಡುವ ಮನಸ್ಸಿಲ್ಲ. “ಒಳಗ ಅಕಿ ಏನ ಹೇಳಿ ತಲಿ ತಿರವಿದ್ಳೋ...”

“ರಾವಸಾಹೇಬ, ಬಾಯಿ ಮುಚ್ಚು. ಇನ್ನೊಂದ ಮಾತ ಅಂದ್ರ ಇಲ್ಲೇ ಕೆಡವತೀನಿ” ಎಂದ ಕಾಡಸಿದ್ದ.

ಅಯ್ಯನವರು ನಡುವೆ ಬಂದರು. “ಆತು, ಗುಮಾನಿ ಮುಗೀತು. ಹಂಗಾದ್ರ ಮಲಗಿಸೇ ಮಣ್ಣ ಕೊಡೂನು. ಅಂಗೈಯಾಗ ಲಿಂಗ ಇದ್ರ ಸಾಕು, ಶಿವ ಒಲ್ಲೆ ಅನ್ನೂದಿಲ್ಲ.”

“ಮಲಗಸೂದ ಬ್ಯಾಡ್ರಿ ಅಯ್ಯಾರ. ಮಲಗಿದ್ರ ಭಾಳ ನೋವಂತ ಅಂವಗ. ನಿಂತ್ರ ಕಡಿಮಿ ಅಂತ.”

“ಸತ್ತಾವಗ ಎಲ್ಲಿ ನೋವೋ ಮಾರಾಯಾ?” ಎಂದ ಮಾಳಸಿದ್ದ ಮೆಲ್ಲಗೆ.

“ನಿನಗೇನ ಗೊತ್ತು?” ಎಂದು ಕಾಡಸಿದ್ದ ಅವನನ್ನು ದುರುಗುಟ್ಟಿ ನೋಡಿದ.

ಅಯ್ಯನವರು ಇಳಿಯುತ್ತಿದ್ದ ಹೊತ್ತು ನೋಡಿದರು. ಆಮೇಲೆ ವಿಭೂತಿಯ ಗಟ್ಟಿ ಚೀಲಕ್ಕೆ ಹಾಕಿಕೊಂಡು, “ಕುಣಿ ಆಳ ಐತಿ. ನಡೀರಿ” ಎಂದರು.

ಕಬ್ಬಿನ ಗರಿ ಕಟ್ಟಿ ಸಿಂಗರಿಸಿದ್ದ ವಿಮಾನ ಅಂಗಳದಲ್ಲೇ ಉಳಿಯಿತು. ಮುರಗೆಪ್ಪನನ್ನು ಅವನ ಮಂಚದ ಹಲಗೆಯ ಮೇಲೆಯೇ ಹೊತ್ತು ಹೊಲಕ್ಕೆ ಒಯ್ದರು. ಕುಣಿಯ ಹತ್ತಿರ ಕಾಡಸಿದ್ದ ರುಮಾಲು ಬಿಚ್ಚಿಟ್ಟು ಮೊದಲು ತಾನು ಇಳಿದ. ಮೇಲಿನವರು ಹೆಣದ ಕಂಕುಳಿಗೆ ಧೋತರ ಹಾಕಿ ನಿಧಾನಕ್ಕೆ ಬಿಟ್ಟರು. ಕಾಡಸಿದ್ದ ಕೆಳಗೆ ಎರಡೂ ತೋಳು ಚಾಚಿ ತಮ್ಮನನ್ನು ಎದೆಗೆ ತೆಗೆದುಕೊಂಡು, ಮಣ್ಣಿನ ಗೋಡೆಗೆ ಅವನ ಬೆನ್ನು ಕೊಟ್ಟು ನಿಲ್ಲಿಸಿದ. ಅಯ್ಯನವರು ಬಗ್ಗಿ ಹೆಣದ ಎಡಗೈಯಲ್ಲಿ ಲಿಂಗ ಇಟ್ಟರು, ಪತ್ರಿ ಹಾಕಿದರು, ವಿಭೂತಿ ಉದುರಿಸಿದರು.

“ಇನ್ನ ಮ್ಯಾಲ ಬಾ” ಎಂದು ಮಾಳಸಿದ್ದ ಕೈ ಚಾಚಿದ.

ಕಾಡಸಿದ್ದ ಒಂದು ಕೈ ಸಡಿಲಿಸಿ ನೋಡಿದ. ಹೆಣ ಪಕ್ಕಕ್ಕೆ ವಾಲಿತು. ಮತ್ತೆ ಗಟ್ಟಿಯಾಗಿ ಅಪ್ಪಿಕೊಂಡ.

“ಕೈ ಬಿಟ್ರ ಬೀಳತಾನ. ನಾ ಹಿಡಕೊಂಡಿರ್ತೀನಿ, ನೀವು ಮಣ್ಣ ಹಾಕ್ರಿ.”

“ನಿನ್ನ ಮ್ಯಾಲ ಹ್ಯಾಂಗ ಹಾಕೂದೋ?” ಯಾರೂ ಸಲಿಕೆ ಎತ್ತಲಿಲ್ಲ. ದುಂಡವ್ವ ಮುಂದೆ ಬಂದು ಬೊಗಸೆಯಲ್ಲಿ ಮಣ್ಣು ತುಂಬಿ ಹಾಕಿದಳು. ಅವಳ ಹಿಂದೆ ಧರಣೇಂದ್ರ ಮಾಸ್ತರರು, ಆಮೇಲೆ ಮಾಳಸಿದ್ದ, ಕೊನೆಗೆ ರಾವಸಾಹೇಬನೂ. ಮಣ್ಣು ಇಬ್ಬರ ಪಾದ ಮುಚ್ಚಿ, ಮೊಣಕಾಲು ಮುಚ್ಚಿ, ತೊಡೆಗೆ ಏರಿತು. ತಮ್ಮನ ಸೊಂಟ ಬಳಸಿದ ಕೈಯನ್ನು ಕಾಡಸಿದ್ದ ಒಂದಿಷ್ಟೇ ಸಡಿಲಿಸಿ ನೋಡಿದ, ಮತ್ತೆ ಹಿಡಿದ.

“ಇನ್ನಷ್ಟು ಹಾಕ್ರಿ” ಎಂದ, ಟೊಂಕದ ತನಕ ಮಣ್ಣಿನಲ್ಲಿ ನಿಂತು. “ಅಂವಗ ಇನ್ನೂ ಆಸರ ಆಗಿಲ್ಲ.”